ತುಡುವೆ ಜೇನು ಸಾಕಣೆ, ಜೇನು ಮಾರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸುಳ್ಯ, ಪುತ್ತೂರು ಸೀಮೆಯ ಅಡಿಕೆ ಮತ್ತು ರಬ್ಬರ್ ತೋಟಗಳ ನಡುವೆ ತುಡುವೆ ಜೇನು ಸಾಕಿ, ತೆಗೆದ ಜೇನನ್ನು ನಾವೇ ಬಾಟಲಿಗೆ ತುಂಬಿ ಮಾರುವ ಸಣ್ಣ ಉದ್ಯಮ ನಮ್ಮದು. ಜೇನು ಕೊಳ್ಳಲು ಬರುವವರೂ ಜೇನು ಸಾಕಬೇಕೆಂದು ಬರುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಮೊದಲರ್ಧ ಸಾಕುವವರಿಗೆ, ಉಳಿದದ್ದು ಮಾರುವವರಿಗೆ ಮತ್ತು ತಿನ್ನುವವರಿಗೆ. ಹೇಳಿರುವ ತಿಂಗಳುಗಳೆಲ್ಲ ನಮ್ಮ ಕಡೆಯ ಲೆಕ್ಕ. ಘಟ್ಟದ ಮೇಲೆ, ಬಯಲುಸೀಮೆಯಲ್ಲಿ ಹೂವಿನ ಕಾಲ ಬೇರೆ.

ಹೊಸದಾಗಿ ಶುರು ಮಾಡುವವರು ಎಷ್ಟು ಪೆಟ್ಟಿಗೆ ಇಡಬೇಕು?

ಎರಡು. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಹೊಸ ಮೊಟ್ಟೆಗಳಿರುವ ಎರಿ (ನೊಣಗಳು ಮೇಣದಿಂದ ಕಟ್ಟುವ ಹಲ್ಲೆ) ತೆಗೆದು ಕೊಡಬಹುದು. ನೊಣಗಳು ಅದರಲ್ಲೇ ರಾಣಿಕೋಶ ಕಟ್ಟಿ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಒಂದೇ ಪೆಟ್ಟಿಗೆ ಇಟ್ಟವರಿಗೆ ಈ ಆಸರೆ ಇರುವುದಿಲ್ಲ. ಅಲ್ಲದೆ ಎರಡು ಕುಟುಂಬಗಳನ್ನು ಅಕ್ಕಪಕ್ಕ ನೋಡಿದಾಗಲೇ ಯಾವುದು ಚುರುಕು, ಯಾವುದು ಸೊರಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಸಹಾಯಧನ ಸಿಗುತ್ತದೆಂದು ಮೊದಲ ವರ್ಷವೇ ಹತ್ತಿಪ್ಪತ್ತು ಪೆಟ್ಟಿಗೆ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮಳೆಗಾಲ ಎರಡು ಪೆಟ್ಟಿಗೆಯನ್ನು ಉಳಿಸಿಕೊಂಡವರು ಆಮೇಲೆ ಇಪ್ಪತ್ತನ್ನೂ ಉಳಿಸಿಕೊಳ್ಳುತ್ತಾರೆ.

ಯಾವ ಜೇನು ಸಾಕುವುದು ಒಳ್ಳೆಯದು?

ನಮ್ಮಲ್ಲಿ ನಾಲ್ಕು ಬಗೆಯ ಊರ ಜೇನುಗಳಿವೆ. ಎತ್ತರದ ಮರಕ್ಕೋ ಬಂಡೆಗೋ ದೊಡ್ಡ ಒಂಟಿ ಎರಿ ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಇವೆರಡೂ ಬಯಲಲ್ಲೇ ಇರುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮರದ ಪೊಟರೆ, ಹುತ್ತ, ಕಲ್ಲಿನ ಸಂದಿಗಳ ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವುದು ಇದನ್ನೇ. ಗೋಡೆಯ ತೂತಿನಲ್ಲಿ ಅಂಟಿನ ಕೊಳವೆ ಚಾಚಿಕೊಂಡಿರುವ, ಚುಚ್ಚಲು ಬಾರದ ಪುಟ್ಟ ನೊಣ ಮುಜಂಟಿ. ಉತ್ತರ ಕನ್ನಡದವರು ಮಿಸರಿ ಅನ್ನುತ್ತಾರೆ. ಅದರ ಜೇನು ಹುಳಿಸಿಹಿ, ಸಿಗುವುದು ಬಹಳ ಕಡಿಮೆ, ಬೆಲೆ ಹೆಚ್ಚು.

ಐದನೆಯದು ಹೊರಗಿನಿಂದ ಬಂದ ಮೆಲ್ಲಿಫೆರಾ. 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿ ಉತ್ತರ ಭಾರತದಲ್ಲೆಲ್ಲ ಹರಡಿತು. ಒಂದು ಕುಟುಂಬದಿಂದ ತುಡುವೆಯ ಮೂರು ನಾಲ್ಕು ಪಟ್ಟು ಜೇನು ಸಿಗುತ್ತದೆ, ನಿಜ. ಆದರೆ ಅದಕ್ಕೆ ಸೂರ್ಯಕಾಂತಿ, ಸಾಸಿವೆ, ನೀಲಗಿರಿಯಂಥ ಹೂವಿನ ವಿಸ್ತಾರ ಬೇಕು. ಹೂವಿನ ಹಿಂದೆ ಲಾರಿಯಲ್ಲಿ ಊರೂರು ಸುತ್ತಿಸಬೇಕು. ಕರಾವಳಿಯ ಮಳೆಗೆ ಅದು ಸೋಲುತ್ತದೆ. ವರೋವಾ ಎಂಬ ನುಸಿ ತುಡುವೆಯ ಹಳೇ ನಂಟ. ತುಡುವೆ ಅದನ್ನು ಒಂದರ ಮೈಯಿಂದ ಇನ್ನೊಂದು ಕಿತ್ತೆಸೆದು ನಿಭಾಯಿಸುತ್ತದೆ, ಮೆಲ್ಲಿಫೆರಾಕ್ಕೆ ಆ ಕಲೆ ಅಷ್ಟಾಗಿ ಬಾರದು. ಮಲೆನಾಡು, ಕರಾವಳಿಯಲ್ಲಿ ಮನೆಯ ಹಿಂದೆ ಸಾಕುವವರಿಗೆ ತುಡುವೆಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಜೇನು ಕುಟುಂಬ ಎಲ್ಲಿ ಸಿಗುತ್ತದೆ?

ಅನುಭವಿ ಸಾಕಣೆದಾರರಿಂದ ಕೊಳ್ಳುವುದು ಸುಲಭದ ದಾರಿ. ಕೊಳ್ಳುವಾಗ ಪೆಟ್ಟಿಗೆ ತೆರೆಸಿ ನೋಡಿ. ಕನಿಷ್ಠ ನಾಲ್ಕೈದು ಎರಿಗಳ ಮೇಲೆ ನೊಣ ತುಂಬಿರಬೇಕು, ಮೊಟ್ಟೆ, ಮರಿಹುಳು, ಮುಚ್ಚಿದ ಕೋಶ ಮೂರೂ ಇರಬೇಕು. ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿ ಇದ್ದಾಳೆ, ಕೆಲಸ ಮಾಡುತ್ತಿದ್ದಾಳೆ ಎಂದರ್ಥ. ಆಕೆಯನ್ನೇ ಹುಡುಕಿ ನೋಡಬೇಕೆಂದಿಲ್ಲ.

ಹುತ್ತದಿಂದಲೋ ಪೊಟರೆಯಿಂದಲೋ ಕಾಡು ಕುಟುಂಬವನ್ನು ತಂದು ಪೆಟ್ಟಿಗೆಗೆ ಕೂರಿಸುವುದು ನಮ್ಮ ಕಡೆ ಹಿಂದಿನಿಂದ ಬಂದ ಕ್ರಮ. ಸಂಸಾರದ, ಅಂದರೆ ಮೊಟ್ಟೆ, ಮರಿಗಳಿರುವ ಎರಿಗಳನ್ನು ಕುಯ್ದು, ಚೌಕಟ್ಟಿನ ಅಳತೆಗೆ ಸರಿಮಾಡಿ, ಬಾಳೆನಾರಿನಿಂದ ಕಟ್ಟಿ ಪೆಟ್ಟಿಗೆಗೆ ಇಳಿಸುತ್ತಾರೆ. ಎರಡು ಮೂರು ದಿನದಲ್ಲಿ ನೊಣಗಳೇ ಎರಿಯನ್ನು ಚೌಕಟ್ಟಿಗೆ ಬೆಸೆದು ನಾರನ್ನು ಕಡಿದು ಹಾಕುತ್ತವೆ. ಇದನ್ನು ಬಲ್ಲವರ ಜತೆ ನಿಂತು ಕಲಿಯಬೇಕು. ಮಳೆಗಾಲದಲ್ಲಿ ಮಾತ್ರ ಯಾವ ಕಾಡು ಕುಟುಂಬವನ್ನೂ ಕದಲಿಸಬೇಡಿ, ಉಳಿಯುವುದಿಲ್ಲ. ಒಳಗೆ ಮೇಣ ಸವರಿದ ಮಡಕೆಯನ್ನು ಕವುಚಿಟ್ಟು ಪಾಲಿನ ಹಿಂಡು (ಹಳೇ ಕುಟುಂಬದಿಂದ ಒಡೆದು ಹೊರಟ ನೊಣಗಳು) ತಾನಾಗಿ ಬಂದು ಕೂರಲು ಕಾಯುವ ಕ್ರಮವೂ ಇದೆ. ತಾಳ್ಮೆ ಇರುವವರಿಗೆ ಅದು ಒಳ್ಳೆಯದು, ಗೂಡು ಕೀಳುವ ಪ್ರಶ್ನೆಯೇ ಇಲ್ಲ.

ಪೆಟ್ಟಿಗೆ ಯಾವ ಅಳತೆಯದು? ಎಲ್ಲಿಡಬೇಕು?

ದಕ್ಷಿಣದಲ್ಲಿ ತುಡುವೆಗೆ ನ್ಯೂಟನ್ ಪೆಟ್ಟಿಗೆ ಮತ್ತು ಐಎಸ್‌ಐ ಅಳತೆಯ ಪೆಟ್ಟಿಗೆ ಬಳಕೆಯಲ್ಲಿವೆ. ನ್ಯೂಟನ್ ಎಂದರೆ ವಿಜ್ಞಾನಿಯಲ್ಲ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ. ಯಾವುದನ್ನು ಆರಿಸಿದರೂ ಎಲ್ಲ ಪೆಟ್ಟಿಗೆಯೂ ಒಂದೇ ಅಳತೆಯದಾಗಿರಲಿ. ಒಂದರ ಎರಿ ಇನ್ನೊಂದಕ್ಕೆ ಹೊಂದದಿದ್ದರೆ ಪಾಲು ಮಾಡುವುದು, ಕುಟುಂಬ ಸೇರಿಸುವುದು ಯಾವುದೂ ಆಗುವುದಿಲ್ಲ.

ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನ ನೆರಳು ಇರುವ ಜಾಗ ನೋಡಿ. ಬಾಗಿಲು ಪೂರ್ವಕ್ಕಿರಲಿ, ಎದುರು ಹಾರಾಟಕ್ಕೆ ಅಡ್ಡಿ ಇರಬಾರದು. ನೆಲದಿಂದ ಎರಡಡಿ ಎತ್ತರದ ಕಂಬ ಅಥವಾ ಸ್ಟ್ಯಾಂಡಿನ ಮೇಲಿಟ್ಟು, ಬುಡಕ್ಕೆ ಇರುವೆ ಹತ್ತದಂತೆ ನೀರಿನ ತಡೆ ಮಾಡಿ. ಜನ ಓಡಾಡುವ ದಾರಿ, ಕೊಟ್ಟಿಗೆಯ ಬಾಗಿಲು ಬೇಡ. ಒಮ್ಮೆ ಇಟ್ಟ ಪೆಟ್ಟಿಗೆಯನ್ನು ಹಗಲು ಹೊತ್ತಿನಲ್ಲಿ ಹತ್ತು ಮಾರು ಆಚೆ ಸರಿಸಿದರೂ ಹೊರಗೆ ಹೋದ ನೊಣಗಳು ಹಳೇ ಜಾಗಕ್ಕೇ ಬಂದು ಸುತ್ತುತ್ತವೆ.

ನಮ್ಮಲ್ಲಿ ಅಡಿಕೆ ತೋಟ ಮಾತ್ರ ಇದೆ. ಸಾಕಾಗುತ್ತದೆಯೇ?

ಅಡಿಕೆಯ ಹಿಂಗಾರದಿಂದ ಪರಾಗ ಧಾರಾಳವಾಗಿ ಸಿಗುತ್ತದೆ. ಪರಾಗ ಮರಿಗಳ ಊಟ, ಅದರಿಂದ ಕುಟುಂಬ ಬೆಳೆಯುತ್ತದೆ. ಜೇನಾಗಬೇಕಾದರೆ ಮಕರಂದ ಬೇಕು. ಬರೇ ಅಡಿಕೆಯಿಂದ ಜೇನುಕೋಣೆ (ಪೆಟ್ಟಿಗೆಯಲ್ಲಿ ಜೇನು ಕೂಡಿಡುವ ಮೇಲಿನ ಅಂತಸ್ತು) ತುಂಬುವುದಿಲ್ಲ. ನಡುವೆ ತೆಂಗು ಇದ್ದರೆ ಎರಡೂ ವರ್ಷವಿಡೀ ಸ್ವಲ್ಪಸ್ವಲ್ಪ ಸಿಗುತ್ತಿರುತ್ತದೆ. ಸುತ್ತ ಒಂದು ಕಿಲೋಮೀಟರಿನೊಳಗೆ ಗುಡ್ಡವೋ ಕಾಡೋ ರಬ್ಬರೋ ಇದೆಯೇ ನೋಡಿ. ತುಡುವೆ ಮೇಯುವುದು ಬಹುಪಾಲು ಆ ವ್ಯಾಪ್ತಿಯಲ್ಲೇ. ನೇರಳೆ, ಮತ್ತಿ, ಅಂಟುವಾಳ, ಸೀಗೆ, ಹೊಂಗೆ ಇರುವ ಗುಡ್ಡ ಪಕ್ಕದಲ್ಲಿದ್ದರೆ ನೀವು ಅದೃಷ್ಟವಂತರು. ಬೇಲಿ ಸಾಲಿನಲ್ಲಿ ಬೆಳೆಯುವ ನಾಚಿಕೆಮುಳ್ಳನ್ನು ಪೂರ್ತಿ ಕಿತ್ತು ಹಾಕಬೇಡಿ. ಮಳೆಗಾಲದ ಬಡತನದಲ್ಲಿ ಪರಾಗ ಕೊಡುವ ಕೆಲವೇ ಗಿಡಗಳಲ್ಲಿ ಅದೂ ಒಂದು.

ರಬ್ಬರ್ ಜೇನು ಅನ್ನುತ್ತಾರಲ್ಲ, ರಬ್ಬರ್ ಹಾಲಿಗೂ ಅದಕ್ಕೂ ಸಂಬಂಧ ಇದೆಯೇ?

ಇಲ್ಲ. ಇದು ಹೂವಿನ ಜೇನು ಕೂಡ ಅಲ್ಲ, ಚಿಗುರಿನ ಜೇನು. ಡಿಸೆಂಬರ್, ಜನವರಿಯಲ್ಲಿ ರಬ್ಬರ್ ಮರ ಎಲೆ ಉದುರಿಸಿ ಹೊಸದಾಗಿ ಚಿಗುರುತ್ತದೆ. ಎಳೆ ಎಲೆಯ ತೊಟ್ಟು ಮೂರು ದಳಗಳಾಗಿ ಕವಲೊಡೆಯುವಲ್ಲಿ ಪುಟ್ಟ ಗ್ರಂಥಿಗಳಿವೆ. ಎಲೆ ಕಂದು ಬಣ್ಣದಿಂದ ಹಸಿರಿಗೆ ತಿರುಗಿ ಬಲಿಯುವವರೆಗೆ ಅಲ್ಲಿ ಮಕರಂದ ಜಿನುಗುತ್ತದೆ. ಬೆಳಗ್ಗೆ ಮರದ ಕೆಳಗೆ ನಿಂತರೆ ಇಡೀ ತೋಪು ಝೇಂಕರಿಸುವುದು ಕೇಳಿಸುತ್ತದೆ. ನಮ್ಮ ವರ್ಷದ ದೊಡ್ಡ ಬೆಳೆ ಇದೇ. ಕೇರಳದ ಜೇನು ಉದ್ಯಮವೂ ಬಹುಮಟ್ಟಿಗೆ ರಬ್ಬರ್ ಚಿಗುರಿನ ಮೇಲೆ ನಿಂತಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಚಿಗುರಿನಿಂದ ಮಕರಂದ ಬರುತ್ತದೆ, ಪರಾಗ ಬರುವುದಿಲ್ಲ. ಆದ್ದರಿಂದ ರಬ್ಬರಿನ ನಟ್ಟನಡುವೆ ಪೆಟ್ಟಿಗೆ ಇಟ್ಟರೆ ಜೇನು ತುಂಬುತ್ತದೆ, ಮರಿಗಳು ಸೊರಗುತ್ತವೆ. ಅಡಿಕೆ, ತೆಂಗು ತಾಗಿಕೊಂಡಿರುವ ಅಂಚು ಒಳ್ಳೆಯ ಜಾಗ. ಎರಡನೆಯದು, ಚಿಗುರಿನ ಸಮಯಕ್ಕೆ ಅಕಾಲಿಕ ಮಳೆ ಬಿದ್ದರೆ ಅಥವಾ ಎಲೆಗೆ ಬೂದಿರೋಗ ಬಂದರೆ ಆ ವರ್ಷದ ಜೇನು ಹೋದಂತೆಯೇ.

ಕಾಫಿ ತೋಟದಲ್ಲಿ ಪೆಟ್ಟಿಗೆ ಇಡಬಹುದೇ?

ಖಂಡಿತ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಕೆಲವೇ ದಿನ ಇರುತ್ತದೆ. ಆ ಹೊತ್ತಿಗೆ ಕುಟುಂಬ ಬಲವಾಗಿದ್ದರೆ ಮಾತ್ರ ಲಾಭ. ತೋಟದವರಿಗೂ ಇದರಲ್ಲಿ ಪಾಲಿದೆ: ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿಯ ಜತೆಗೆ ಜೇನೂ ಸೇರಿದರೆ ಕಾಯಿ ಹೆಚ್ಚು ಕಚ್ಚುತ್ತದೆ. ಪೆಟ್ಟಿಗೆ ಇಡಲು ಬಾಡಿಗೆ ಕೇಳುವ ತೋಟದವರಿಗೆ ಇದನ್ನು ವಿವರಿಸಿ ಹೇಳಿ.

ಮಳೆಗಾಲದಲ್ಲಿ ಏನು ಮಾಡಬೇಕು?

ನಮ್ಮನ್ನು ಕೇಳಿದರೆ ಜೇನು ಸಾಕಣೆಯ ಲಾಭನಷ್ಟ ನಿರ್ಧಾರವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೇನು ತೆಗೆಯುವ ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲರೂ ಪೆಟ್ಟಿಗೆಯ ಹತ್ತಿರ ಇರುತ್ತಾರೆ. ಮಳೆ ಹಿಡಿದ ಮೇಲೆ ಮುಚ್ಚಳ ತೆರೆಯುವವರು ಕಡಿಮೆ. ಅಕ್ಟೋಬರಿನಲ್ಲಿ ನೋಡಿದರೆ ಖಾಲಿ ಪೆಟ್ಟಿಗೆ, ಒಳಗೆ ಮೇಣದ ಹುಳುವಿನ ಬಲೆ. "ಜೇನು ಓಡಿಹೋಯಿತು" ಅನ್ನುತ್ತಾರೆ. ತುಡುವೆ ಸುಮ್ಮನೆ ಮನೆ ಬಿಡುವುದಿಲ್ಲ, ಹಸಿವು, ಇರುವೆ, ಹುಳು, ಒದ್ದೆ ಇವುಗಳಲ್ಲಿ ಯಾವುದೋ ಒಂದು ತಡೆಯಲಾರದಷ್ಟಾದಾಗ ಬಿಡುತ್ತದೆ.

ತಯಾರಿ ಮೇ ಕೊನೆಯಿಂದಲೇ ಶುರುವಾಗಬೇಕು. ಕೊನೆಯ ಜೇನನ್ನು ಪೂರ್ತಿ ಬಳಿದುಕೊಳ್ಳಬೇಡಿ. ಸಂಸಾರದ ಕೋಣೆಯ ಎರಿಗಳ ಮೇಲಂಚಿನಲ್ಲಿರುವ ಜೇನು ಅವುಗಳ ಪಾಲು. ಅದಕ್ಕೆ ಕೈ ಹಾಕಿದರೆ ಮಳೆಗಾಲದಲ್ಲಿ ಎರಡರಷ್ಟು ಸಕ್ಕರೆ ಸುರಿಯಬೇಕಾಗುತ್ತದೆ. ಮೇಲಿನ ಜೇನುಕೋಣೆ ತೆಗೆದಿಡಿ. ನೊಣ ಕೂರದ ಎರಿಗಳನ್ನೂ ತೆಗೆದು ಗಾಳಿಯಾಡದ ಡಬ್ಬದಲ್ಲಿ ಇಡಿ. ಕುಟುಂಬ ಎಷ್ಟಿದೆಯೋ ಅಷ್ಟೇ ಜಾಗ ಇರಲಿ, ಬಾಗಿಲನ್ನು ಚಿಕ್ಕದು ಮಾಡಿ. ಪೆಟ್ಟಿಗೆಯ ಮೇಲೆ ಮಾಡು ಇಳಿಜಾರಾಗಿರಲಿ, ಎರಚಲು ಬಾಗಿಲಿಗೆ ಬೀಳಬಾರದು.

ಆಮೇಲೆ ಆಹಾರ. ಕುದಿಸಿ ಆರಿಸಿದ ನೀರಿಗೆ ಅಷ್ಟೇ ತೂಕದ ಸಕ್ಕರೆ ಕರಗಿಸಿ, ವಾರಕ್ಕೊಮ್ಮೆ ಒಂದು ಲೋಟದಷ್ಟು, ಮುಸ್ಸಂಜೆಯ ಹೊತ್ತಿಗೆ ಕೊಡಿ. ನೊಣ ಮುಳುಗದಂತೆ ಒಳಗೆ ಕಡ್ಡಿ ಹಾಕಿ. ಎಲ್ಲ ಪೆಟ್ಟಿಗೆಗೂ ಒಂದೇ ದಿನ ಕೊಡಿ. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ, ಅಥವಾ ಪಾಕ ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬ ಬಡ ಕುಟುಂಬಕ್ಕೆ ನುಗ್ಗಿ ದೋಚುತ್ತದೆ. ಮಳೆ ಬಿಟ್ಟ ಹೊಳವಿನಲ್ಲಿ ಬೇಗಬೇಗ ಅಡಿಮಣೆ ಗುಡಿಸಿ ಮುಚ್ಚಿಬಿಡಿ.

ಸಕ್ಕರೆ ಪಾಕ ಕೊಟ್ಟರೆ ನೀವು ಮಾರುವ ಜೇನೂ ಸಕ್ಕರೆಯದೇ ಆಯಿತಲ್ಲ?

ಈ ಪ್ರಶ್ನೆ ಕೇಳುವವರ ಮೇಲೆ ನಮಗೆ ಗೌರವವಿದೆ, ಎಲ್ಲರೂ ಕೇಳಬೇಕು. ಮಳೆಗಾಲದ ಪಾಕವನ್ನು ನೊಣಗಳು ಮಳೆಗಾಲದಲ್ಲೇ ತಿಂದು ಮುಗಿಸುತ್ತವೆ. ಆಗ ಪೆಟ್ಟಿಗೆಯಲ್ಲಿ ಜೇನುಕೋಣೆಯೇ ಇರುವುದಿಲ್ಲ. ಹೂವು ಬರಲು ಶುರುವಾದ ಮೇಲೆ ಪಾಕ ನಿಲ್ಲಿಸಿ, ನಂತರವೇ ಖಾಲಿ ಎರಿಗಳ ಜೇನುಕೋಣೆ ಇಡಬೇಕು. ಜೇನುಕೋಣೆ ಇಟ್ಟ ಮೇಲೂ ಪಾಕ ಕೊಡುವುದು ಮೋಸ. ನೊಣ ಮುಟ್ಟಿತೆಂಬ ಕಾರಣಕ್ಕೆ ಸಕ್ಕರೆ ಜೇನಾಗುವುದಿಲ್ಲ, ಪ್ರಯೋಗಾಲಯದಲ್ಲಿ ಅದು ಗೊತ್ತಾಗುತ್ತದೆ ಕೂಡ.

ಜೇನು ಪಾಲಾಗುವುದನ್ನು ತಡೆಯುವುದು ಹೇಗೆ?

ಮಳೆ ಕಳೆದು ಪರಾಗ ಹೆಚ್ಚಿದಂತೆ ಕುಟುಂಬ ಬೆಳೆದು, ನವೆಂಬರಿನಿಂದೀಚೆಗೆ ಎರಿಯ ಅಡಿಯಂಚಿನಲ್ಲಿ ಕಡಲೆಕಾಯಿಯಂತೆ ರಾಣಿಕೋಶಗಳು ಇಳಿಬೀಳುತ್ತವೆ. ಹಳೇ ರಾಣಿ ಅರ್ಧ ಬಳಗ ಕಟ್ಟಿಕೊಂಡು ಹೊರಡುವ ಸೂಚನೆ ಅದು. ಹೊರಡುವ ಮೊದಲು ನೀವೇ ಪಾಲು ಮಾಡಿ. ಹಳೇ ರಾಣಿಯನ್ನೂ ಅರ್ಧ ಎರಿಗಳನ್ನೂ ಹೊಸ ಪೆಟ್ಟಿಗೆಗೆ ಹಾಕಿ, ಒಳ್ಳೆಯ ಒಂದು ರಾಣಿಕೋಶವನ್ನು ಹಳೇ ಪೆಟ್ಟಿಗೆಯಲ್ಲಿ ಉಳಿಸಿ. ಯಾವ ಕುಟುಂಬ ಶಾಂತವಾಗಿದೆ, ರೋಗ ಕಾಣದೆ ಮಳೆಗಾಲ ಕಳೆದಿದೆ, ಚೆನ್ನಾಗಿ ಜೇನು ಕೊಟ್ಟಿದೆ ಎಂದು ಬರೆದಿಟ್ಟುಕೊಂಡು ಅದರಿಂದಲೇ ಮರಿ ಕುಟುಂಬ ಮಾಡಿ. ಜನವರಿಯಾಚೆ ಪಾಲು ಮಾಡಬೇಡಿ, ರಬ್ಬರ್ ಚಿಗುರುವ ಹೊತ್ತಿಗೆ ಎರಡೂ ಅರೆಬರೆಯಾಗಿರುತ್ತವೆ.

ಥಾಯ್ ಸ್ಯಾಕ್‌ಬ್ರೂಡ್ ರೋಗ ಈಗಲೂ ಇದೆಯೇ?

ಇದೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ ಈ ವೈರಸ್ 1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂದಾಗ ಕೇರಳ, ಕೊಡಗು, ದಕ್ಷಿಣ ಕನ್ನಡಗಳಲ್ಲಿ ತುಡುವೆ ಕುಟುಂಬಗಳು ನಾಮಾವಶೇಷವಾದವು. ವಿರಾಜಪೇಟೆಯಲ್ಲಿ 1936ರಷ್ಟು ಹಿಂದೆಯೇ ಜೇನು ಸಹಕಾರ ಸಂಘ ಕಟ್ಟಿದ್ದ ಕೊಡಗಿನಲ್ಲೇ ಪೆಟ್ಟಿಗೆಗಳು ಖಾಲಿ ಬಿದ್ದವು. ಆ ಕಾಲ ಕಂಡ ಹಿರಿಯರು ಇಂದಿಗೂ ಮರಿ ಕೋಶದ ಮುಚ್ಚಳ ತೂತಾಗಿರುವುದನ್ನು ಕಂಡರೆ ಮಾತು ನಿಲ್ಲಿಸಿ ಬಗ್ಗಿ ನೋಡುತ್ತಾರೆ. ಈಗ ಉಳಿದಿರುವ ತುಡುವೆ, ಅಂದು ಬದುಕುಳಿದ ಕುಟುಂಬಗಳ ಸಂತಾನ. ನಾವು ಊರ ತಳಿಯನ್ನು ಬಿಟ್ಟುಕೊಡದಿರಲು ಇದೂ ಒಂದು ಕಾರಣ.

ಲಕ್ಷಣ ಸ್ಪಷ್ಟ: ಬಲಿತ ಮರಿಹುಳು ಕೋಶದಲ್ಲೇ ತಲೆಯೆತ್ತಿ ಸತ್ತಿರುತ್ತದೆ, ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಔಷಧ ಇಲ್ಲ. ಆಂಟಿಬಯೋಟಿಕ್ ಹಾಕಿ ಎಂದು ಯಾರೇ ಹೇಳಿದರೂ ಕೇಳಬೇಡಿ. ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ, ಆ ಔಷಧದ ಅಂಶ ಮಾತ್ರ ಜೇನಿನಲ್ಲಿ ಉಳಿಯುತ್ತದೆ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ರೋಗದ ಎರಿಗಳನ್ನು ಸುಟ್ಟುಹಾಕಿ, ನೊಣಗಳಿಗೆ ಚೆನ್ನಾಗಿ ಆಹಾರ ಕೊಡಿ. ಆ ಪೆಟ್ಟಿಗೆಯ ಎರಿ, ಚಾಕು, ಪಾಕದ ಬಟ್ಟಲು ಬೇರೆ ಪೆಟ್ಟಿಗೆಗೆ ಹೋಗಬಾರದು. ಚೇತರಿಸಿಕೊಳ್ಳದ ರಾಣಿಯ ಸಂತಾನವನ್ನು ಮುಂದುವರಿಸಬೇಡಿ.

ಬೇರೆ ಶತ್ರುಗಳು?

ಮೇಣದ ಹುಳು ಬಡ ಕುಟುಂಬಕ್ಕೆ ಬರುತ್ತದೆ, ಎರಿ ಕಡಿಮೆ ಮಾಡಿ ಅಡಿಮಣೆ ಚೊಕ್ಕವಾಗಿಟ್ಟರೆ ಅರ್ಧ ಕೆಲಸ ಆದಂತೆ. ಕಣಜ ಬಾಗಿಲಲ್ಲೇ ಕಾದು ಒಂದೊಂದೇ ನೊಣವನ್ನು ಹಿಡಿದೊಯ್ಯುತ್ತದೆ, ಅದರ ಗೂಡು ಹುಡುಕಿ ತೆಗೆಸಬೇಕು. ಕಳ್ಳಿಪೀರ ಹಕ್ಕಿ ತಂತಿಯ ಮೇಲೆ ಕೂತು ಹಾರುವ ನೊಣ ಹಿಡಿಯುತ್ತದೆ. ಅದನ್ನು ಕೊಲ್ಲುವ ಮಾತೇ ಬೇಡ, ಪೆಟ್ಟಿಗೆಯ ಜಾಗ ಬದಲಿಸಿ.

ಕೊಳೆರೋಗಕ್ಕೆ ಔಷಧ ಹೊಡೆದರೆ ಜೇನು ಸಾಯುತ್ತದೆಯೇ?

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣದ್ದು. ಕೀಟನಾಶಕದಷ್ಟು ಅಪಾಯವಿಲ್ಲ, ಆದರೂ ಪೆಟ್ಟಿಗೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಭಯ ಇರುವುದು ಗೇರು, ತರಕಾರಿ, ಹೂವಿನ ಬೆಳೆಗಳಿಗೆ ಹೊಡೆಯುವ ಕೀಟನಾಶಕಗಳಿಂದ. ಗೇರು ಹೂ ಬಿಟ್ಟಾಗಲೇ ಟೀ ಸೊಳ್ಳೆಗೆಂದು ಸಿಂಪಡಿಸುತ್ತಾರೆ, ಜೇನು ಅದೇ ಹೂವಿನಲ್ಲಿರುತ್ತದೆ. ನೆರೆಯವರೊಂದಿಗೆ ಜಗಳ ಮಾಡಿ ಪ್ರಯೋಜನವಿಲ್ಲ. ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಲು, ಸಂಜೆ ಹೊತ್ತು ಹೊಡೆಯಲು ಕೇಳಿಕೊಳ್ಳಿ. ಸುದ್ದಿ ಸಿಕ್ಕಿದರೆ ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಮರುದಿನ ಮಧ್ಯಾಹ್ನದವರೆಗೆ ನೆರಳಿನಲ್ಲಿ ಗಾಳಿಯಾಡುವಂತೆ ಮುಚ್ಚಿಡಬಹುದು. ಹೋಗುವಾಗ ಒಂದು ಬಾಟಲಿ ಜೇನು ಕೊಟ್ಟು ಬನ್ನಿ. ಅವರ ಗೇರು ಕಾಯಿ ಕಚ್ಚುವುದರಲ್ಲೂ ನಿಮ್ಮ ನೊಣಗಳ ಕೆಲಸವಿದೆ.

ಜೇನು ಯಾವಾಗ ತೆಗೆಯಬೇಕು?

ಎರಿಯ ಮುಕ್ಕಾಲು ಪಾಲಾದರೂ ಮೇಣದಿಂದ ಮುಚ್ಚಿದ ಮೇಲೆ. ಮಕರಂದದ ನೀರನ್ನು ನೊಣಗಳು ರೆಕ್ಕೆ ಬೀಸಿ ಆರಿಸಿ, ಹದಕ್ಕೆ ಬಂದಾಗ ಮುಚ್ಚಳ ಹಾಕುತ್ತವೆ. ಅವಸರದಲ್ಲಿ ತೆಗೆದ ಹಸಿ ಜೇನು ಕೆಲವೇ ವಾರಗಳಲ್ಲಿ ನೊರೆಯೆದ್ದು ಹುಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಾನದಂಡದಂತೆ ಜೇನಿನಲ್ಲಿ ನೀರಿನಂಶ ನೂರಕ್ಕೆ 20ನ್ನು ದಾಟುವಂತಿಲ್ಲ. ನಮ್ಮ ಘಟ್ಟದಂಚಿನ ತೇವದ ಹವೆಯಲ್ಲಿ ತುಡುವೆ ಜೇನು ಈ ಗೆರೆಯ ಆಚೀಚೆಯೇ ಇರುತ್ತದೆ. ಹಾಗಾಗಿ ಮಾರುವವರು ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಲೇಬೇಕು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಸಾಕು. ಮಳೆ ಬಂದ ಮರುದಿನ ತೆಗೆಯಬೇಡಿ.

ಯಂತ್ರದಲ್ಲಿ ತಿರುಗಿಸಿ ತೆಗೆದರೆ ಎರಿ ಹಾಳಾಗದೆ ಪೆಟ್ಟಿಗೆಗೆ ಮರಳುತ್ತದೆ. ಹಿಂಡಿ ತೆಗೆದರೆ ನೊಣಗಳು ಮೊದಲಿನಿಂದ ಎರಿ ಕಟ್ಟಬೇಕು, ಆ ಮೇಣಕ್ಕೆ ಜೇನೇ ಖರ್ಚು. ತೆಗೆದದ್ದನ್ನು ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಎರಡು ದಿನ ಮುಚ್ಚಿಟ್ಟು, ಮೇಲೆ ತೇಲುವ ನೊರೆ ತೆಗೆದು ತುಂಬಿಸಿ. ಜೇನು ಆಮ್ಲೀಯ, ಕಬ್ಬಿಣದ ಪಾತ್ರೆ ಕೂಡದು.

ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಎಷ್ಟು ಜೇನು ಸಿಗುತ್ತದೆ?

ತುಡುವೆಯಲ್ಲಿ ಸಾಧಾರಣ 5ರಿಂದ 10 ಕಿಲೋ. ಒಳ್ಳೆಯ ಜಾಗ, ಒಳ್ಳೆಯ ವರ್ಷ, ಒಳ್ಳೆಯ ಕೈ ಮೂರೂ ಕೂಡಿದರೆ ಇನ್ನೂ ಹೆಚ್ಚು. ಬರೇ ಜೇನು ನಂಬಿ ಕೆಲಸ ಬಿಡುವವರಿಗೆ ಈ ಲೆಕ್ಕ ಗೊತ್ತಿರಬೇಕು. ತೋಟದ ಜತೆ ಉಪಕಸುಬಾಗಿ ಇದು ಚೆನ್ನಾಗಿ ನಡೆಯುತ್ತದೆ. ಪಾಲು ಮಾಡಿದ ಕುಟುಂಬಗಳ ಮಾರಾಟ ಅನೇಕರಿಗೆ ಜೇನಿಗಿಂತ ಹೆಚ್ಚು ಆದಾಯ ತರುತ್ತದೆ. ಅದಕ್ಕೂ ಮಳೆಗಾಲ ದಾಟಿದ ಗಟ್ಟಿ ಕುಟುಂಬವೇ ಬಂಡವಾಳ.

ಮಾರಲು ಪರವಾನಗಿ ಬೇಕೇ? ಲೇಬಲ್ ಹೇಗಿರಬೇಕು?

ಬೇಕು. ಸಣ್ಣ ವಹಿವಾಟಿನವರಿಗೆ ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ಇದೆ, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲಿನ ಮೇಲೆ ಇರಬೇಕು. ಜತೆಗೆ ಹೆಸರು, ವಿಳಾಸ, ನಿವ್ವಳ ತೂಕ, ತುಂಬಿದ ದಿನ, ಬ್ಯಾಚ್ ಸಂಖ್ಯೆ, ಎಷ್ಟು ಕಾಲದೊಳಗೆ ಬಳಸಬೇಕು, ಗರಿಷ್ಠ ಮಾರಾಟ ಬೆಲೆ, ಹಸಿರು ಚುಕ್ಕಿ. ಅಗ್‌ಮಾರ್ಕ್ ಮಾಡಿಸುವುದು ನಿಮ್ಮ ಇಚ್ಛೆ. ಬ್ಯಾಚ್ ಸಂಖ್ಯೆಯನ್ನು ನಾಮಕಾವಾಸ್ತೆ ಹಾಕಬೇಡಿ. ಯಾವ ತೋಟದ್ದು, ಯಾವ ವಾರ ತೆಗೆದದ್ದು, ನೀರಿನಂಶ ಎಷ್ಟಿತ್ತು ಎಂದು ಪುಸ್ತಕದಲ್ಲಿ ಅದೇ ಸಂಖ್ಯೆಯ ಕೆಳಗೆ ಬರೆದಿಡಿ.

ತೂಕದ ಬಗ್ಗೆ ಒಂದು ಮಾತು. ಜೇನು ನೀರಿಗಿಂತ ಭಾರ, ಒಂದು ಲೀಟರ್ ಸುಮಾರು 1.4 ಕಿಲೋ ತೂಗುತ್ತದೆ. ನಮ್ಮ ಕಡೆ ಹಿಂದಿನಿಂದ "ಒಂದು ಬಾಟಲಿ" ಎಂದೇ ವ್ಯಾಪಾರ. 750 ಮಿಲಿಯ ಬಾಟಲಿಯಲ್ಲಿ ಕಿಲೋಗಿಂತ ತುಸು ಹೆಚ್ಚೇ ಇರುತ್ತದೆ. ಅರ್ಧ ಲೀಟರ್ ಬಾಟಲಿಯನ್ನು ಅರ್ಧ ಕಿಲೋ ಎಂದು ಕೊಟ್ಟರೆ 200 ಗ್ರಾಂ ಪುಕ್ಕಟೆ ಹೋಯಿತು.

ಅಂಗಡಿಯ ಜೇನಿಗಿಂತ ನಿಮ್ಮದು ದುಬಾರಿ ಏಕೆ?

ಐದಾರು ಕಿಲೋ ಜೇನಿಗಾಗಿ ಒಂದು ಕುಟುಂಬವನ್ನು ಹನ್ನೆರಡು ತಿಂಗಳು ನೋಡಿಕೊಳ್ಳಬೇಕು. ಮಳೆಗಾಲದ ಸಕ್ಕರೆ, ಪೆಟ್ಟಿಗೆಯ ಮರ, ಸತ್ತ ಕುಟುಂಬದ ನಷ್ಟ, ಪರೀಕ್ಷೆ, ಗಾಜಿನ ಬಾಟಲಿ ಎಲ್ಲವೂ ಆ ಐದಾರು ಕಿಲೋದ ಮೇಲೆಯೇ ಬೀಳುತ್ತವೆ. ಈ ಲೆಕ್ಕ ಬರೆದು ಬೆಲೆ ಹಾಕಿ, ಪಕ್ಕದ ಅಂಗಡಿಯ ಬೆಲೆ ನೋಡಿ ಇಳಿಸಬೇಡಿ. ಒಬ್ಬರು ಇಳಿಸಿದರೆ ಊರಿನ ಎಲ್ಲ ಸಾಕಣೆದಾರರಿಗೂ ಪೆಟ್ಟು. ಹೆಚ್ಚು ಜೇನು ಇದ್ದು ಮಾರುವ ವ್ಯವಧಾನ ಇಲ್ಲದವರಿಗೆ ಸಹಕಾರ ಸಂಘಗಳಿವೆ. ಬೆಲೆ ತುಸು ಕಡಿಮೆಯಾದರೂ ಪರೀಕ್ಷೆ, ಸಂಸ್ಕರಣೆ, ಮಾರಾಟದ ಹೊರೆ ಅವರದು.

ನಿಮ್ಮಲ್ಲಿ ತಂದ ಜೇನು ಸಕ್ಕರೆಯಂತೆ ಗಟ್ಟಿಯಾಗಿದೆ. ಬೆರಕೆಯೇ?

ಬೆರಕೆಯಲ್ಲ. ಜೇನಿನಲ್ಲಿರುವ ಗ್ಲೂಕೋಸ್ ಹರಳುಗಟ್ಟಿದೆ. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಹಾಗೆಯೇ ರೊಟ್ಟಿಗೆ, ದೋಸೆಗೆ ಸವರಿ ತಿನ್ನಬಹುದು. ಕರಗಬೇಕೆಂದರೆ ಬಾಟಲಿಯನ್ನು ಕೈಗೆ ಹಿತವೆನಿಸುವಷ್ಟು ಬಿಸಿ ನೀರಿನಲ್ಲಿ ನಿಲ್ಲಿಸಿ. ಒಲೆಯ ಮೇಲೆ ಇಡಬೇಡಿ, ಹೆಚ್ಚು ಕಾಯಿಸಿದರೆ ಪರಿಮಳ ಹೋಗುತ್ತದೆ, ಎಚ್‌ಎಂಎಫ್ ಎಂಬ ಬೇಡದ ಅಂಶ ಏರುತ್ತದೆ.

ಮನೆಯಲ್ಲೇ ಶುದ್ಧತೆ ಪರೀಕ್ಷಿಸುವುದು ಹೇಗೆ?

ನೀರಿಗೆ ಹನಿ ಬಿಡುವುದು, ಬತ್ತಿಗೆ ಅದ್ದಿ ಹಚ್ಚುವುದು, ಇರುವೆ ಮುತ್ತುತ್ತದೆಯೇ ನೋಡುವುದು ಇವು ಯಾವುವೂ ನಂಬುವಂಥವಲ್ಲ. ದಪ್ಪ ಸಕ್ಕರೆ ಪಾಕವೂ ನೀರಿನ ತಳಕ್ಕೆ ಇಳಿಯುತ್ತದೆ, ನೀರಿನಂಶ ಹೆಚ್ಚಿರುವ ನಿಜ ಜೇನು ಬೇಗ ಕರಗುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳ ಜೇನನ್ನು ಎನ್‌ಎಂಆರ್ ಎಂಬ ಸೂಕ್ಷ್ಮ ಪ್ರಯೋಗಾಲಯ ಪರೀಕ್ಷೆ ಸೇರಿದಂತೆ ಹಲವು ಪರೀಕ್ಷೆಗಳಿಗೆ ಒಡ್ಡಿತು. ಎಲ್ಲದರಲ್ಲೂ ಪಾಸಾದದ್ದು ಮೂರೇ. ಮಾಮೂಲಿ ಪರೀಕ್ಷೆಗಳನ್ನು ದಾಟುವಂತೆಯೇ ತಯಾರಾದ ಸಕ್ಕರೆ ಪಾಕಗಳು ಮಾರುಕಟ್ಟೆಯಲ್ಲಿರುವಾಗ ಬೆಂಕಿಕಡ್ಡಿ ಏನು ಹೇಳೀತು? ಸಾಕುವವರನ್ನು ಪರಿಚಯ ಮಾಡಿಕೊಳ್ಳಿ, ತೆಗೆಯುವ ದಿನ ಬಂದು ನೋಡಿ.

ಹೋದ ಸಲದ ಬಣ್ಣ, ರುಚಿ ಈ ಸಲ ಇಲ್ಲವಲ್ಲ?

ಹೂವು ಬೇರೆ. ರಬ್ಬರಿನದು ತಿಳಿ ಬಣ್ಣ, ಸೌಮ್ಯ. ಕಾಡು ಹೂವಿನದು ಕಡುಕಂದು. ನೇರಳೆಯಲ್ಲಿ ಸಣ್ಣ ಒಗರು, ಅಂಟುವಾಳದಲ್ಲಿ ಕಹಿ. ಎಲ್ಲವನ್ನೂ ಬೆರೆಸಿ ಒಂದೇ ರುಚಿಗೆ ತರುವುದು ನಮಗೆ ಇಷ್ಟವಿಲ್ಲ, ಬೇರೆಬೇರೆಯಾಗಿಯೇ ತುಂಬುತ್ತೇವೆ.

ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ಕೊಡಬಹುದೇ?

ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ, ನಾಲಿಗೆಗೆ ಸವರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು. ಶುದ್ಧ ಜೇನಾದರೂ ಇದು ಅನ್ವಯಿಸುತ್ತದೆ. ಅಜ್ಜಿಯಂದಿರಿಗೆ ನಯವಾಗಿ ತಿಳಿಹೇಳಿ. ಸಕ್ಕರೆ ಕಾಯಿಲೆ ಇರುವವರಿಗೆ ಜೇನೂ ಸಕ್ಕರೆಯೇ. ವೈದ್ಯರನ್ನು ಕೇಳದೆ ತಿನ್ನಬೇಡಿ, ಔಷಧಿಯೆಂದು ಹೇಳಿ ನಾವು ಮಾರುವುದಿಲ್ಲ.

ಜೇನು ಕಚ್ಚಿದರೆ?

ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ, ತಡವಾದಷ್ಟು ವಿಷ ಇಳಿಯುತ್ತದೆ. ಜಾಗವನ್ನು ತೊಳೆದು ಹೊಗೆ ಹಾಕಿ: ಮುಳ್ಳಿನ ಜತೆ ಹೊರಡುವ ಬಾಳೆಹಣ್ಣಿನಂಥ ವಾಸನೆ ಇತರ ನೊಣಗಳನ್ನೂ ಕೆರಳಿಸುತ್ತದೆ. ಊತ, ನೋವು ಸಹಜ. ಉಸಿರಾಟಕ್ಕೆ ಕಷ್ಟ, ಮೈತುಂಬ ದದ್ದು, ತಲೆಸುತ್ತು, ತುಟಿ ನಾಲಿಗೆ ಊದಿಕೊಳ್ಳುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯ ಮಾಡಿಗೆ ಹೆಜ್ಜೇನು ಕಟ್ಟಿದೆ. ತೆಗೆದು ಕೊಡುತ್ತೀರಾ?

ಹೆಜ್ಜೇನು ಕಾಲಕ್ಕೆ ತಕ್ಕಂತೆ ವಲಸೆ ಹೋಗುವ ನೊಣ. ಅಪಾಯವಿಲ್ಲದ ಎತ್ತರದಲ್ಲಿದ್ದರೆ ಕೆಲವು ತಿಂಗಳು ಸಹಿಸಿಕೊಳ್ಳಿ, ತಾನಾಗಿ ಹೋಗುತ್ತದೆ. ಬೆಂಕಿ, ಸೀಮೆಎಣ್ಣೆ, ಕೀಟನಾಶಕ ಬೇಡ. ಶಾಲೆ, ಆಸ್ಪತ್ರೆಯ ಹತ್ತಿರವಾದರೆ ಅನುಭವಿಗಳನ್ನು ಕರೆಸಿ. ಗೋಡೆಯಲ್ಲಿರುವುದು ತುಡುವೆ ಅಥವಾ ಮುಜಂಟಿಯಾದರೆ ನಮಗೆ ತಿಳಿಸಿ, ಜೀವಂತವಾಗಿ ಪೆಟ್ಟಿಗೆಗೆ ಇಳಿಸಿಕೊಳ್ಳಲು ಪ್ರಯತ್ನಿಸುತ್ತೇವೆ.

ತರಬೇತಿ, ಸಹಾಯಧನ ಎಲ್ಲಿ?

ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಮೊದಲು ವಿಚಾರಿಸಿ, ಮಧುವನ ಯೋಜನೆಯ ಮಾಹಿತಿ ಅಲ್ಲಿ ಸಿಗುತ್ತದೆ. ಖಾದಿ ಗ್ರಾಮೋದ್ಯೋಗ ಆಯೋಗದ ಜೇನು ಮಿಷನ್, ಕೃಷಿ ವಿಜ್ಞಾನ ಕೇಂದ್ರಗಳು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ವಿಭಾಗ ಇವೆ. ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅರ್ಜಿ ಕರೆದಾಗಲೇ ಹಾಕಬೇಕು. ಒಂದೇ ದಿನದ ತರಬೇತಿಗಿಂತ ಮಳೆಗಾಲ, ಪಾಲಿನ ಕಾಲ, ಜೇನಿನ ಕಾಲ ಹೀಗೆ ಮೂರು ಸಲ ಒಬ್ಬ ಸಾಕಣೆದಾರರ ಜತೆ ಪೆಟ್ಟಿಗೆ ತೆರೆದು ನೋಡಿ.

ನಿಮ್ಮಲ್ಲಿ ವರ್ಷವಿಡೀ ಜೇನು ಸಿಗುತ್ತದೆಯೇ?

ಇಲ್ಲ. ರಬ್ಬರ್ ಜೇನು ಮಾರ್ಚ್‌ನಿಂದ, ಕಾಡು ಜೇನು ಮೇ ತಿಂಗಳಿನಿಂದ. ಮುಗಿದ ಮೇಲೆ ಬೇರೆಡೆಯಿಂದ ತರಿಸಿ ನಮ್ಮ ಲೇಬಲ್ ಅಂಟಿಸುವುದಿಲ್ಲ. ಬೇಕಾದವರು ಫೆಬ್ರವರಿಯಲ್ಲೇ ಹೆಸರು ಬರೆಸಿ, ಗಾಜಿನ ಬಾಟಲಿ ತೊಳೆದು ಒಣಗಿಸಿ ತಂದರೆ ಅದರ ಬೆಲೆ ಕಳೆದುಕೊಡುತ್ತೇವೆ.